ಮೂರು ಮಿಲಿಮೀಟರಿನ ಲೆಕ್ಕ: ಮೊಬೈಲ್ ಮತ್ತು ಸಣ್ಣ ಕ್ಯಾಮೆರಾದಲ್ಲಿ ಹುಳು-ಹೂಗಳ ಫೋಟೊ

(ಪ್ರಕೃತಿ ಛಾಯಾಗ್ರಹಣದ ಆಸಕ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ನಿಮ್ಮ ಮೊಬೈಲ್ ತೆಗೆದು, ಕ್ಯಾಮೆರಾ ತೆರೆದು, ನಿಮ್ಮದೇ ಅಂಗೈ ಮೇಲೆ ಹಿಡಿಯಿರಿ. ನಿಧಾನವಾಗಿ ಹತ್ತಿರ ತನ್ನಿ. ಒಂದು ದೂರದವರೆಗೆ ಅಂಗೈ ಗೆರೆಗಳು ಚೊಕ್ಕವಾಗಿ ಕಾಣುತ್ತವೆ. ಅದನ್ನು ದಾಟಿದ ಕೂಡಲೇ ಎಲ್ಲವೂ ಮಸುಕು. ಪರದೆಯನ್ನು ಎಷ್ಟು ಸಲ ಮುಟ್ಟಿದರೂ ಸರಿಹೋಗುವುದಿಲ್ಲ. ಆ ಗಡಿಯೇ ನಿಮ್ಮ ಕ್ಯಾಮೆರಾದ ಕನಿಷ್ಠ ಫೋಕಸ್ ದೂರ. ಹೂವಿನ ಫೋಟೊ ಮಂಜಾಗಿ ಬಂತು ಎನ್ನುವ ದೂರುಗಳಲ್ಲಿ ಹೆಚ್ಚಿನವು ಈ ಗಡಿಯೊಳಗೆ ನುಗ್ಗಿದ್ದರಿಂದ ಹುಟ್ಟಿದವು.

ಫೋನಿನ ಮುಖ್ಯ ಕ್ಯಾಮೆರಾಕ್ಕೆ ಈ ದೂರ ಸಾಮಾನ್ಯವಾಗಿ 8ರಿಂದ 15 ಸೆಂ.ಮೀ. ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಇರುವ ದುಬಾರಿ ಫೋನುಗಳಲ್ಲಿ ಇನ್ನೂ ಹೆಚ್ಚು. ಅಂದರೆ ಫೋನಿನ ಬೆಲೆ ಏರಿದಂತೆ ಮುಖ್ಯ ಕ್ಯಾಮೆರಾ ಹೂವಿನಿಂದ ಹಿಂದೆ ಸರಿಯುತ್ತದೆ. ಇದನ್ನು ತುಂಬಿಕೊಡಲು ಅಂಥ ಫೋನುಗಳು ಅಲ್ಟ್ರಾವೈಡ್ (ಅತಿ ಅಗಲ ನೋಟದ) ಕ್ಯಾಮೆರಾಕ್ಕೆ ಆಟೊಫೋಕಸ್ ಕೊಟ್ಟು, ಅದನ್ನೇ ಮ್ಯಾಕ್ರೊ (ಅತಿ ಸಮೀಪದ ಫೋಟೊ) ಎಂದು ಕರೆಯುತ್ತವೆ. 2021ರ ಐಫೋನ್ 13 ಪ್ರೊ ಈ ರೀತಿ 2 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ. ಕಡಿಮೆ ಬೆಲೆಯ ಎಷ್ಟೋ ಫೋನುಗಳ ಹಿಂದೆ ‘2 ಮೆಗಾಪಿಕ್ಸೆಲ್ ಮ್ಯಾಕ್ರೊ’ ಎಂಬ ಪ್ರತ್ಯೇಕ ಕಣ್ಣೊಂದಿರುತ್ತದೆ. ಅದಕ್ಕೆ ಫೋಕಸ್ ಬದಲಿಸುವ ಶಕ್ತಿ ಇರುವುದಿಲ್ಲ. ಸಾಮಾನ್ಯವಾಗಿ 4 ಸೆಂ.ಮೀ. ದೂರಕ್ಕೆ ಕೂರಿಸಿಬಿಟ್ಟಿರುತ್ತಾರೆ. ಅದನ್ನು ಮರೆತುಬಿಡುವುದು ಒಳ್ಳೆಯದು. ಅಂಥ ಫೋನಿದ್ದರೆ ಮುಖ್ಯ ಕ್ಯಾಮೆರಾದಲ್ಲೇ ತೆಗೆದು ಬೇಕಾದಷ್ಟು ಕತ್ತರಿಸಿಕೊಳ್ಳಿ, ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗಿ ಬರುತ್ತದೆ.

ತೋಟಕ್ಕೆ ಹೋಗುವ ಮೊದಲು ಮೇಜಿನ ಮೇಲೆ ಹತ್ತು ನಿಮಿಷದ ಒಂದು ಕೆಲಸವಿದೆ. ಶಾಲೆಯ ಮಕ್ಕಳ 15 ಸೆಂ.ಮೀ. ಸ್ಕೇಲ್ ಒಂದನ್ನು ಚಪ್ಪಟೆಯಾಗಿ ಇಟ್ಟು, ಫೋಕಸ್ ಕೂರುವಷ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ಚಿತ್ರದ ಅಗಲದಲ್ಲಿ ಎಷ್ಟು ಮಿ.ಮೀ. ಗೆರೆಗಳಿವೆ, ಎಣಿಸಿ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 4000 ಪಿಕ್ಸೆಲ್. 40 ಗೆರೆ ಕಂಡರೆ ಪ್ರತಿ ಮಿ.ಮೀ.ಗೆ 100 ಪಿಕ್ಸೆಲ್ ಸಿಕ್ಕಿತು. 100 ಗೆರೆ ಕಂಡರೆ 40 ಮಾತ್ರ. ಈಗ ಲೆಕ್ಕ ಹಾಕಿ. 5 ಮಿ.ಮೀ. ಇರುವೆಗೆ ಮೊದಲ ಕ್ಯಾಮೆರಾದಲ್ಲಿ 500 ಪಿಕ್ಸೆಲ್ ಬರುತ್ತದೆ, ಮೀಸೆ ಕಾಲುಗಳೆಲ್ಲ ಬಿಡಿಸಿ ಕಾಣುತ್ತವೆ. ಎರಡನೆಯದರಲ್ಲಿ 200, ಇರುವೆ ಎಂದಷ್ಟೇ ಹೇಳಬಹುದು. 1 ಮಿ.ಮೀ. ಗಿಡಹೇನಿಗೆ ಎರಡೂ ಸಾಲವು. ಯಾವ ಜೀವಿಯ ಹಿಂದೆ ಹೋಗಬಹುದು, ಯಾವುದನ್ನು ಬಿಡಬೇಕು ಎಂಬುದು ಈ ಒಂದು ಸಂಖ್ಯೆಯಿಂದ ಗೊತ್ತಾಗುತ್ತದೆ.

ಇನ್ನು ಅದೇ ಸ್ಕೇಲನ್ನು ಪುಸ್ತಕಕ್ಕೆ ಒರಗಿಸಿ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. 5 ಸೆಂ.ಮೀ. ಗುರುತಿನ ಮೇಲೆ ಫೋಕಸ್ ಮಾಡಿ, ನೇರ ಮೇಲಿನಿಂದ ತೆಗೆಯಿರಿ. ಆ ಗುರುತಿನ ಆಚೀಚೆ ಕೆಲವೇ ಗೆರೆಗಳು ಹರಿತವಾಗಿದ್ದು ಉಳಿದವು ಕರಗಿರುತ್ತವೆ. ಹರಿತವಾದ ಗೆರೆಗಳ ಸಂಖ್ಯೆಯನ್ನು 0.7ರಿಂದ ಗುಣಿಸಿದರೆ ನಿಮಗೆ ಸಿಗುವ ಡೆಪ್ತ್ ಆಫ್ ಫೀಲ್ಡ್ (ಒಮ್ಮೆಗೆ ಹರಿತವಾಗಿ ಕಾಣುವ ಆಳ) ಬಂತು. ನಾಲ್ಕು ಗೆರೆ ಅಂದರೆ ಹೆಚ್ಚುಕಡಿಮೆ 3 ಮಿ.ಮೀ. ಇಷ್ಟೇ ನಮ್ಮ ಬಂಡವಾಳ. ಫೋನಿನ ಕ್ಯಾಮೆರಾದ ದ್ವಾರವನ್ನು ಸಾಮಾನ್ಯವಾಗಿ ಕಿರಿದು ಮಾಡಲಾಗದು, ಹಾಗಾಗಿ ಈ ಮೂರು ಮಿಲಿಮೀಟರನ್ನು ಹಿಗ್ಗಿಸುವ ಗುಂಡಿ ಎಲ್ಲೂ ಇಲ್ಲ. ಹತ್ತಿರ ಹೋದಷ್ಟೂ ಅದು ಇನ್ನೂ ಕುಗ್ಗುತ್ತದೆ. ಇವತ್ತು ಉಳಿದದ್ದೆಲ್ಲ ಹೇಳುವುದು ಈ ಮೂರು ಮಿಲಿಮೀಟರನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದರ ಬಗ್ಗೆ.

ಚಿಟ್ಟೆ ರೆಕ್ಕೆ ಮಡಚಿ ಕೂತಿದೆ ಎನ್ನಿ. ಎದುರಿನಿಂದ ತೆಗೆದರೆ ಮುಖ ಮಾತ್ರ ಹರಿತ, ರೆಕ್ಕೆ ಹೊಗೆಯಂತೆ. ಓರೆಯಿಂದ ತೆಗೆದರೆ ರೆಕ್ಕೆಯ ನಡುವಿನ ಒಂದು ಪಟ್ಟಿ ಮಾತ್ರ ಹರಿತ. ಫೋನಿನ ಬೆನ್ನು ರೆಕ್ಕೆಗೆ ಸಮಾನಾಂತರವಾಗುವ ಹಾಗೆ ಹಿಡಿದರೆ ಇಡೀ ರೆಕ್ಕೆ ಆ ತೆಳುವಾದ ಪದರದೊಳಗೆ ಬಂದು ಕೂರುತ್ತದೆ. ಏರೋಪ್ಲೇನ್ ಚಿಟ್ಟೆ ರೆಕ್ಕೆ ಹರಡಿ ಕೂತಿದ್ದರೆ ಮೇಲಿನಿಂದ. ಕಂಬಳಿಹುಳು ಕಡ್ಡಿಯ ಉದ್ದಕ್ಕೆ ಇದ್ದರೆ ಪಕ್ಕದಿಂದ. ಯಾವ ಮುಖ ಚಪ್ಪಟೆಯೋ ಅದಕ್ಕೆ ಎದುರಾಗಿ ನಿಲ್ಲುವುದು ಇದರ ಲೆಕ್ಕ. ಚಪ್ಪಟೆ ಮುಖವೇ ಇಲ್ಲದಿದ್ದರೆ, ಉದಾಹರಣೆಗೆ ಜಿಗಿಯುವ ಜೇಡ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ, ಎಲ್ಲವನ್ನೂ ಬಿಟ್ಟು ಮುಂದಿನ ಎರಡು ದೊಡ್ಡ ಕಣ್ಣುಗಳಿಗೆ ಕೊಡಿ. ಕಣ್ಣು ಹರಿತವಾಗಿದ್ದರೆ ಹಿಂಗಾಲು ಮಸುಕಾದದ್ದನ್ನು ನೋಡುವವರು ಗಮನಿಸುವುದೇ ಇಲ್ಲ.

ಮಲೆನಾಡು, ಕರಾವಳಿಯವರಿಗೆ ಚಿಗಳಿ ಇರುವೆ ಗೊತ್ತು. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಅದರ ಸಾಲಿನ ಆಸುಪಾಸಿನಲ್ಲಿ ಅದೇ ಬಣ್ಣ, ಅದೇ ನಡಿಗೆಯ ಒಂದು ಜೇಡ ಓಡಾಡುತ್ತದೆ. ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಎತ್ತಿಕೊಂಡಿರುತ್ತದೆ. ಗಂಡಿಗಂತೂ ದವಡೆ ಎಷ್ಟು ಉದ್ದವೆಂದರೆ ಇರುವೆಯೊಂದು ಇನ್ನೊಂದನ್ನು ಕಚ್ಚಿಕೊಂಡು ಹೋಗುವಂತೆ ಕಾಣುತ್ತದೆ. ಬರಿಗಣ್ಣಿಗೆ ಮೋಸವಾಗುವುದು ಸಹಜ. ಕಾಲುಗಳೆಲ್ಲ ಬಿಡಿಸಿ ಕಾಣುವ ಒಂದು ಚಿತ್ರ ಸಾಕು: ಎಣಿಸಿದರೆ ಎಂಟು. ಇಲ್ಲಿ ಮೂರು ಮಿಲಿಮೀಟರನ್ನು ಪಕ್ಕದಿಂದ ಖರ್ಚು ಮಾಡಬೇಕು, ಎದುರಿನಿಂದಲ್ಲ.

ಫೋಕಸ್ ಹಿಡಿಯುವ ಬಗೆಯೂ ಬೇರೆ. ಪ್ರತಿ ಸಲ ಪರದೆ ಮುಟ್ಟಿ ಫೋಕಸ್ ಮಾಡಲು ಹೊರಟರೆ ಕ್ಯಾಮೆರಾ ಹಿಂದಿನ ಎಲೆಗೆ ಹಾರುತ್ತದೆ. ತೆಳ್ಳಗಿನ ಕಡ್ಡಿ, ಜೇಡರ ಬಲೆಯಂಥವನ್ನು ಅದು ಕಾಣುವುದೇ ಇಲ್ಲ. ಹೀಗೆ ಮಾಡಿ: ನಿಮ್ಮ ಬೆರಳನ್ನು ಹುಳು ಇರುವಷ್ಟೇ ದೂರದಲ್ಲಿ ಇಟ್ಟು, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಬೀಗ ಹಾಕಿ. ಬೆರಳು ತೆಗೆಯಿರಿ. ಈಗ ಫೋಕಸ್ ಬದಲಾಗದು, ನೀವೇ ಬದಲಾಗಬೇಕು. ಮೊಣಕೈ ಎದೆಗೂಡಿಗೆ ಒತ್ತಿಕೊಂಡು, ಸೊಂಟದಿಂದ ಮೇಲಿನ ಮೈಯನ್ನು ಕೂದಲೆಳೆಯಷ್ಟು ಮುಂದೆ ತರುತ್ತಾ, ಒಂದೇ ಸಮನೆ ಸಾಲಾಗಿ ತೆಗೆಯುವ ಬರ್ಸ್ಟ್‌ನಲ್ಲಿ ಹತ್ತು ಹದಿನೈದು ಚಿತ್ರ ತೆಗೆಯಿರಿ. ಅವುಗಳಲ್ಲಿ ಒಂದೆರಡು ಕಣ್ಣಿನ ಮೇಲೆ ಸರಿಯಾಗಿ ಬಿದ್ದಿರುತ್ತವೆ. ಉಳಿದವನ್ನು ಅಳಿಸಲು ಹಿಂಜರಿಯಬೇಡಿ. ಒಂದು ಸಂಗತಿ ನೆನಪಿರಲಿ: ಹತ್ತಿರ ಬಂದಾಗ ಕೆಲವು ಫೋನುಗಳು ತಾವಾಗಿಯೇ ಮುಖ್ಯ ಕ್ಯಾಮೆರಾದಿಂದ ಅಲ್ಟ್ರಾವೈಡಿಗೆ ಜಿಗಿಯುತ್ತವೆ. ಚಿತ್ರ ಒಮ್ಮೆ ಕುಲುಕಿದಂತೆ ಸರಿಯುವುದು ಅದರ ಗುರುತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಕೈಯಾರೆ ಬದಲಿಸುವಂತೆ ಮಾಡಿಕೊಳ್ಳಿ, ಇಲ್ಲವೇ ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್ ಬಳಸಿ.

ಗಾಳಿಯ ಕಾಟ ಇದ್ದದ್ದೇ. ದೂರದ ದೃಶ್ಯದಲ್ಲಿ ಲೆಕ್ಕಕ್ಕೇ ಬಾರದ ಅಲುಗಾಟ ಇಲ್ಲಿ ಚಿತ್ರವನ್ನೇ ನುಂಗುತ್ತದೆ. ಪ್ರತಿ ಮಿ.ಮೀ.ಗೆ 100 ಪಿಕ್ಸೆಲ್ ಇರುವಾಗ ಹೂವು ಒಂದೇ ಮಿ.ಮೀ. ಅಲುಗಿದರೂ 100 ಪಿಕ್ಸೆಲ್ ಅಳಿಸಿಹೋಯಿತು. ಶಟರ್ ವೇಗ (ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) 1/250 ಸೆಕೆಂಡಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಗಾಳಿ ಇದ್ದರೆ 1/500. ಅದಕ್ಕಾಗಿ ಬೆಳಕಿಗೆ ಸೆನ್ಸರಿನ ಸ್ಪಂದನೆ ಹೇಳುವ ಐಎಸ್‌ಒ 400ಕ್ಕೆ ಏರಿದರೂ ಚಿಂತೆಯಿಲ್ಲ, ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ್ದನ್ನು ಆಗದು. ಹುಳುವಿಲ್ಲದ ಕಡ್ಡಿ ಅಥವಾ ಹೂವಿನ ದಂಟಾದರೆ ಇನ್ನೊಂದು ಉಪಾಯ: ಎಡಗೈಯ ಎರಡು ಬೆರಳಲ್ಲಿ ದಂಟನ್ನು ಮೆಲ್ಲಗೆ ಹಿಡಿದು, ಅದೇ ಕೈಗೆ ಫೋನಿನ ಅಂಚನ್ನು ತಾಗಿಸಿ. ಕೈ ಅಲುಗಿದರೆ ಹೂವೂ ಫೋನೂ ಒಟ್ಟಿಗೆ ಅಲುಗುತ್ತವೆ, ನಡುವಿನ ದೂರ ಹಾಗೇ ಉಳಿಯುತ್ತದೆ. ಮಣ್ಣಿಗೆ ಚುಚ್ಚಿದ ಕೋಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ದಂಟನ್ನು ಆನಿಸುವುದೂ ಆಗುತ್ತದೆ. ಅಣಬೆಯಂಥ ನೆಲದ ವಸ್ತುಗಳಿಗೆ ಕಾಲುಚೀಲದಲ್ಲಿ ಅರ್ಧ ಕಿಲೊ ರಾಗಿ ತುಂಬಿ ಗಂಟು ಹಾಕಿದ ದಿಂಬು ಟ್ರೈಪಾಡಿಗಿಂತ ಅನುಕೂಲ. ಫೋನನ್ನು ಅದರ ಮೇಲೆ ಒತ್ತಿ ಕೂರಿಸಿ 2 ಸೆಕೆಂಡ್ ಟೈಮರ್ ಇಡಿ.

ಈಗ ಬೆಳಕು. ನಮ್ಮ ಮಟ್ಟಿಗೆ ಲೆನ್ಸಿಗಿಂತ ಹೆಚ್ಚು ಕೆಲಸ ಮಾಡುವುದು ಇದೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ.

ನೆತ್ತಿಯ ಬಿಸಿಲಿನಲ್ಲಿ ಸಣ್ಣ ವಸ್ತುವಿನ ಫೋಟೊ ಕೆಡುತ್ತದೆ. ಹುಳುವಿನ ಮೈ ಹೆಚ್ಚಾಗಿ ಹೊಳೆಯುವ ಚಿಪ್ಪು. ಅದರ ಮೇಲೆ ಸೂರ್ಯ ಬಿಳಿ ಬೊಟ್ಟಾಗಿ ಕೂರುತ್ತಾನೆ, ಹೊಟ್ಟೆಯ ಕಡೆ ಮಸಿ ಕತ್ತಲೆ. ಗುಲಗಂಜಿ ಹುಳದ ಮೇಲೆ ಇದನ್ನು ಪರೀಕ್ಷಿಸಿ. ಮೋಡ ಕವಿದ ಮುಂಜಾನೆಯಲ್ಲಿ ಅದೇ ಹುಳ ಬಣ್ಣ ತುಂಬಿಕೊಂಡು ಕಾಣುತ್ತದೆ, ಏಕೆಂದರೆ ಆಗ ಇಡೀ ಆಕಾಶವೇ ದೀಪ. ಬಿಸಿಲಿದ್ದಾಗ ಆ ಮೋಡವನ್ನು ನಾವೇ ಮಾಡಿಕೊಳ್ಳಬೇಕು. ಎ4 ಅಳತೆಯ ಟ್ರೇಸಿಂಗ್ ಪೇಪರನ್ನು ಚೌಕಟ್ಟಿಗೆ ಅಂಟಿಸಿ ಹುಳು ಮತ್ತು ಸೂರ್ಯನ ನಡುವೆ ಹಿಡಿಯಿರಿ. ಹುಳುವಿಗೆ 10ರಿಂದ 15 ಸೆಂ.ಮೀ.ಯಷ್ಟು ಹತ್ತಿರ ಇದ್ದರೆ ಬೆಳಕು ಮೆತ್ತಗಾಗುತ್ತದೆ; ಅರ್ಧ ಮೀಟರ್ ದೂರ ಹಿಡಿದರೆ ಮತ್ತೆ ಗಡುಸಾಗುತ್ತದೆ. ಕೆಳಗಿನ ನೆರಳು ತುಂಬಲು ಮದುವೆ ಕರೆಯೋಲೆಯ ಬಿಳಿ ರಟ್ಟೋ ಥರ್ಮಾಕೋಲಿನ ತುಂಡೋ ಎಲೆಯ ಕೆಳಗೆ ಬರಲಿ.

ಫೋನಿನ ಫ್ಲ್ಯಾಷ್ ಬೇಡ. ಲೆನ್ಸಿನ ಪಕ್ಕದಲ್ಲೇ ಇರುವ ಆ ದೀಪ 2 ಸೆಂ.ಮೀ. ದೂರದಲ್ಲಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಬಿಡುತ್ತದೆ. ನೆರಳಿನ ಜಾಗದಲ್ಲಿ ಬೆಳಕು ಬೇಕೇ ಬೇಕಾದರೆ ಇನ್ನೊಂದು ಮೊಬೈಲಿನ ಟಾರ್ಚನ್ನು ಎರಡು ಪದರ ಟಿಶ್ಯೂ ಕಾಗದದ ಹಿಂದಿನಿಂದ, ಪಕ್ಕದಿಂದ, ಸ್ವಲ್ಪ ಮೇಲಿನಿಂದ ಬಿಡಿ. ಅಣಬೆಯ ಕೊಡೆಯಡಿಯ ಮಡಿಕೆಗಳು, ಎಲೆಯ ನರ, ಜೇಡರ ಬಲೆಯ ಇಬ್ಬನಿ ಇವಕ್ಕೆ ಬೆಳಕು ಹಿಂದಿನಿಂದ ಬಂದರೆ ಚೆಂದ. ಬಲೆಗೆ ಹಿನ್ನೆಲೆಯಾಗಿ ಕಪ್ಪು ನೆರಳಿನ ಪೊದೆ ಸಿಗುವ ಕಡೆ ನಿಲ್ಲಿ.

ಬಣ್ಣದ ವಿಷಯದಲ್ಲಿ ಕ್ಯಾಮೆರಾ ಎರಡು ಕಡೆ ತಪ್ಪುತ್ತದೆ. ನಂದಿಬಟ್ಟಲು, ಮಲ್ಲಿಗೆಯಂಥ ಬಿಳಿ ಹೂವು ಹಸಿರು ಹಿನ್ನೆಲೆಯಲ್ಲಿದ್ದಾಗ ಅದು ಹಸಿರಿಗೆ ಹೊಂದಿಸಿಕೊಂಡು ಎಸಳನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ 0.7ರಿಂದ 1 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಎರಡನೆಯದು ಕಡುಗೆಂಪು. ಮುಂಗಾರಿನ ಮೊದಲ ಮಳೆಗೆ ಉತ್ತರ ಕರ್ನಾಟಕದ ಹೊಲಗಳಲ್ಲಿ ಕಾಣುವ ಮಿರಗದ ಹುಳವನ್ನೇ ತೆಗೆದುಕೊಳ್ಳಿ. ಮೈಯೆಲ್ಲ ಮಖಮಲ್ಲು. ಫೋಟೊದಲ್ಲಿ ಮಾತ್ರ ನೆಯ್ಗೆ ಕಾಣದ ಕೆಂಪು ಮುದ್ದೆ. ಕಾರಣ, ಸೆನ್ಸರಿನ ಹಸಿರು ನೀಲಿ ಪಾಲು ಇನ್ನೂ ಖಾಲಿ ಇರುವಾಗಲೇ ಕೆಂಪಿನ ಪಾಲು ತುಂಬಿ ಹರಿದಿರುತ್ತದೆ. ತುಂಬಿದ ಮೇಲೆ ವಿವರ ಉಳಿಯದು. ಅದಕ್ಕೆ ಒಂದು ಸ್ಟಾಪ್ ಇಳಿಸಿ, ನೆರಳಿನಲ್ಲಿ ತೆಗೆಯಿರಿ. ಕೆಂಪು ದಾಸವಾಳಕ್ಕೂ ಇದೇ ಮದ್ದು. ಸೀನ್ ಆಪ್ಟಿಮೈಸರ್, ಎಐ ಬಣ್ಣ ಎಂಬುದೆಲ್ಲ ಕೆಂಪನ್ನು ಇನ್ನಷ್ಟು ಉಬ್ಬಿಸುತ್ತವೆ, ಮುಚ್ಚಿಡಿ. ಪೋರ್ಟ್ರೇಟ್ ಮೋಡ್ ಕೂಡ ಬೇಡ. ಅದು ಹಿನ್ನೆಲೆಯನ್ನು ಲೆಕ್ಕಾಚಾರದಿಂದ ಮಸುಕುಗೊಳಿಸುವಾಗ ಹುಳುವಿನ ಮೀಸೆಯನ್ನೂ ಕೂದಲನ್ನೂ ಅಳಿಸಿಹಾಕುತ್ತದೆ. ಹಲವು ಚಿತ್ರ ಬೆರೆಸುವ ಎಚ್‌ಡಿಆರ್ ಇದ್ದರೆ ಅಲುಗುವ ಕಾಲು ಎರಡೆರಡಾಗಿ ಕಾಣಬಹುದು.

ಹುಳುಗಳು ತಣ್ಣನೆ ರಕ್ತದವು. ಬಿಸಿಲು ಮೈಗೆ ಏರುವವರೆಗೆ ಅವುಗಳಲ್ಲಿ ಹೆಚ್ಚಿನವಕ್ಕೆ ಹಾರಲು ತ್ರಾಣವಿಲ್ಲ. ನಮ್ಮ ಸಮಯ ಬೆಳಗಿನ 6ರಿಂದ 8ರವರೆಗೆ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಹೊಲದ ಬದುವಿನ ಹುಲ್ಲಲ್ಲಿ ಇಬ್ಬನಿ ಹೊದ್ದ ಏರೋಪ್ಲೇನ್ ಚಿಟ್ಟೆಗಳು ಕೈಗೆ ಸಿಗುವಷ್ಟು ಹತ್ತಿರ ಬಿಡುತ್ತವೆ. ಹತ್ತಿರ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ, ನೇರವಾಗಿ ನುಗ್ಗದೆ ತಗ್ಗಿ ಬನ್ನಿ. ಚಳಿಯಲ್ಲಿ ಉಸಿರು ಲೆನ್ಸಿಗೆ ತಾಗಿ ಮಂಜು ಕೂರುತ್ತದೆ, ಪಕ್ಕಕ್ಕೆ ಉಸಿರು ಬಿಡಿ. ಇಬ್ಬನಿ ಸಿಗಲಿಲ್ಲವೆಂದು ಹುಳುವಿನ ಮೇಲೆ ನೀರು ಚಿಮುಕಿಸುವುದು, ಫ್ರಿಜ್ಜಿನಲ್ಲಿಟ್ಟು ಮಂಕಾಗಿಸುವುದು, ಗೂಡಿನ ಎಲೆ ಬಿಡಿಸುವುದು ಇವನ್ನು ನಾವು ಒಪ್ಪುವುದಿಲ್ಲ. ಹುಳುವಿನ ಜೀವಕ್ಕಿಂತ ಚಿತ್ರ ದೊಡ್ಡದಲ್ಲ. ಕಪ್ಪೆಗಳನ್ನು ಮುಟ್ಟಲೇಬೇಡಿ. ನಮ್ಮ ಕೈಯ ಸೊಳ್ಳೆ ಕ್ರೀಮು ಅವುಗಳ ತೆಳು ಚರ್ಮದೊಳಗೆ ಇಳಿಯುತ್ತದೆ.

ನೆಲದ ಮೇಲೆ ಮಲಗಿ ಫೋಟೊ ತೆಗೆಯುವವರಿಗೆ ಮಲೆನಾಡಿನಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಉಣ್ಣೆ ಎಂಬ ರಕ್ತ ಹೀರುವ ಸಣ್ಣ ಜೀವಿ. ತರಗೆಲೆಯ ಮೇಲೆ ಕೂರುವ, ಮೊಣಕಾಲೂರುವ ಕೆಲಸ ನಮ್ಮದು. ಉಣ್ಣೆ ಇರುವುದೂ ಅಲ್ಲೇ. ಮಳೆ ಮುಗಿದ ಮೇಲೆ, ಬೇಸಗೆಯ ಕೊನೆಯವರೆಗೂ ಕಾಯಿಲೆ ಕಾಣಿಸಿಕೊಂಡಿರುವ ಕಾಡುಗಳಲ್ಲಿ ನೆಲಕ್ಕೆ ಮೈ ತಾಗಿಸಬೇಡಿ. ಉದ್ದ ತೋಳಿನ ತಿಳಿಬಣ್ಣದ ಅಂಗಿ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ, ಆರೋಗ್ಯ ಇಲಾಖೆ ಹೇಳುವ ಲೇಪನ ಚರ್ಮಕ್ಕೆ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮಳೆಗಾಲದಲ್ಲಿ ತಗ್ಗಿನ ಕೊಂಬೆಗಳ ಮೇಲೆ ಮಲಬಾರ್ ಪಿಟ್ ವೈಪರ್ ಎಂಬ ವಿಷದ ಹಾವು ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ. ಪರದೆಯೊಳಗೆ ಕಣ್ಣು ನೆಡುವ ಮೊದಲು ಸುತ್ತಲಿನ ಒಂದು ಮೀಟರನ್ನು ನೋಡಿಕೊಳ್ಳುವುದು ರೂಢಿಯಾಗಲಿ.

ಉಪನ್ಯಾಸದ ನಂತರ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇವೆ.

ಫೋನಿನ ಕ್ಯಾಮೆರಾದ ಮೇಲೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಕೊಳ್ಳಬಹುದೇ? ಕೊಳ್ಳಬಹುದು, ಆದರೆ ಲೆಕ್ಕ ಗೊತ್ತಿರಲಿ. ಲೆನ್ಸಿನ ಶಕ್ತಿಯನ್ನು ಡಯಾಪ್ಟರಿನಲ್ಲಿ ಹೇಳುತ್ತಾರೆ. 100ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸರಿಸುಮಾರು ಎಷ್ಟು ಸೆಂ.ಮೀ. ದೂರದಲ್ಲಿ ಹುಳು ಇರಬೇಕೆಂದು ಬರುತ್ತದೆ. 10 ಡಯಾಪ್ಟರ್ ಎಂದರೆ 10 ಸೆಂ.ಮೀ. ಅಕ್ಕಸಾಲಿಗರು ಬಳಸುವ 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಎಂದರೆ 40 ಡಯಾಪ್ಟರ್, ದೂರ 2.5 ಸೆಂ.ಮೀ. ಮಾತ್ರ. ಅದನ್ನು ಮುಖ್ಯ ಕ್ಯಾಮೆರಾಕ್ಕೆ ಒತ್ತಿ ಹಿಡಿದರೆ ಚಿತ್ರದ ಅಗಲಕ್ಕೆ ಸುಮಾರು 3 ಸೆಂ.ಮೀ. ಜಾಗ ತುಂಬುತ್ತದೆ, ಚಿಟ್ಟೆ ರೆಕ್ಕೆಯ ಪುಡಿ ಕಣಕಣವಾಗಿ ಕಾಣತೊಡಗುತ್ತದೆ. ಒಂದೇ ಗಾಜಿನ ಅಗ್ಗದ ಲೆನ್ಸಿನಲ್ಲಿ ಅಂಚಿಗೆ ನೇರಳೆ ಹಸಿರು ಗೆರೆಗಳು ಬರುತ್ತವೆ. ಎರಡು ಗಾಜು ಅಂಟಿಸಿದ ಅಕ್ರೊಮ್ಯಾಟ್ ಮಾದರಿಯಲ್ಲಿ ಅದು ಕಡಿಮೆ. ಫೋನಿನ ಕವರ್ ತೆಗೆದೇ ಹಾಕಿ, ಇಲ್ಲವಾದರೆ ನಡುವಿನ ಸಂದಿಯಿಂದ ಮೂಲೆಗಳು ಕಪ್ಪಾಗುತ್ತವೆ. ಮೂರು ಕಣ್ಣಿನ ಫೋನಿನಲ್ಲಿ ಮುಖ್ಯ ಕ್ಯಾಮೆರಾ ಯಾವುದೆಂದು ಬೆರಳು ಮುಚ್ಚಿ ಪತ್ತೆಮಾಡಿಕೊಳ್ಳಿ. ಮತ್ತೆ, ಕೊಳ್ಳುವ ಮೊದಲು ಇರುವ ಲೆನ್ಸನ್ನು ಒರೆಸಿ. ಧೂಳನ್ನು ಊದಿ, ತೊಳೆದ ಹತ್ತಿ ಬಟ್ಟೆಯಲ್ಲಿ ಬೆರಳಿನ ಎಣ್ಣೆ ತೆಗೆದರೆ ಎಷ್ಟೋ ಮಂಜು ಅಲ್ಲೇ ಹೋಗುತ್ತದೆ.

ಸಣ್ಣ ಕ್ಯಾಮೆರಾ ಇದೆ, ಜೂಮ್ ಮಾಡಿದರೆ ಫೋಕಸ್ ಆಗುವುದಿಲ್ಲ ಏಕೆ? ಹೆಚ್ಚಿನ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಹೂವಿನ ಗುರುತಿನ ಮ್ಯಾಕ್ರೊ ಕೆಲಸ ಮಾಡುವುದು ಜೂಮ್ ಪೂರ್ತಿ ಹಿಂದಿರುವಾಗ ಮಾತ್ರ. ಆಗ 1ರಿಂದ 5 ಸೆಂ.ಮೀ.ವರೆಗೆ ಹೋಗಬಹುದು; ಜೂಮ್ ಮಾಡಿದಂತೆ ಆ ದೂರ ಹಿಗ್ಗುತ್ತದೆ. ಒಲಿಂಪಸ್ ಟಿಜಿ-6ರಂಥವು ಇದಕ್ಕೆ ಹೊರತು: ಅದರ ಮೈಕ್ರೊಸ್ಕೋಪ್ ಮೋಡ್ ಜೂಮ್ ಮಾಡಿದರೂ 1 ಸೆಂ.ಮೀ.ಯಲ್ಲೇ ಫೋಕಸ್ ಹಿಡಿಯುತ್ತದೆ, ಬೇರೆ ಬೇರೆ ಫೋಕಸಿನ ಚಿತ್ರಗಳನ್ನು ತಾನೇ ಜೋಡಿಸಿಯೂ ಕೊಡುತ್ತದೆ. ಅಲುಗದ ಅಣಬೆ, ಕಲ್ಲುಹೂವಿಗೆ ಅದು ತುಂಬ ಉಪಯೋಗ. ಉದ್ದ ಜೂಮಿನ ಕ್ಯಾಮೆರಾ ಇದ್ದವರು ರೇನಾಕ್ಸ್ ಡಿಸಿಆರ್-250ರಂಥ 8 ಡಯಾಪ್ಟರ್ ಲೆನ್ಸನ್ನು ಮುಂದೆ ಸಿಕ್ಕಿಸಿ, ಮೂಲೆಯ ಕಪ್ಪು ಹೋಗುವವರೆಗೆ ಜೂಮ್ ಮಾಡಿ 12 ಸೆಂ.ಮೀ. ದೂರದಿಂದ ತೆಗೆಯಬಹುದು. ಹುಳು ಬೆದರುವುದಿಲ್ಲ, ಬೆಳಕಿಗೂ ಜಾಗ ಉಳಿಯುತ್ತದೆ.

ಬೆಳೆಯ ಹುಳುವಿನ ಫೋಟೊ ಕಳುಹಿಸಿದರೆ ಕೃಷಿ ವಿಜ್ಞಾನ ಕೇಂದ್ರದವರು ಸ್ಪಷ್ಟವಿಲ್ಲ ಎನ್ನುತ್ತಾರೆ, ಏನು ಮಾಡುವುದು? ಗುರುತಿಸಲು ಏನು ಬೇಕೋ ಅದು ಚಿತ್ರದಲ್ಲಿರಬೇಕು. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರಲ್ಲಿ, ನಮ್ಮ ಕರ್ನಾಟಕದಿಂದಲೇ. ಅದರ ಗುರುತು ಎರಡು: ತಲೆಯ ಮೇಲೆ ಬುಡಮೇಲಾದ ಇಂಗ್ಲಿಷಿನ ‘ವೈ’ ಅಕ್ಷರ, ಬಾಲದ ಕಡೆಯಿಂದ ಎರಡನೆಯ ಖಂಡದ ಮೇಲೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಬೆಳೆದ ಹುಳುವಿನ ತಲೆಯೂ 3 ಮಿ.ಮೀ. ಒಳಗೇ. ಹಾಗಾಗಿ ಇಡೀ ಹುಳುವಿನದೊಂದು, ತಲೆಯ ಎದುರಿನಿಂದೊಂದು, ಬೆನ್ನಿನ ಮೇಲಿನಿಂದ ಬಾಲದ ಭಾಗದ್ದೊಂದು, ತಿಂದ ಸುಳಿಯದೊಂದು, ಹೀಗೆ ನಾಲ್ಕು ಚಿತ್ರ ಬೇಕು. ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಡಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ನೀವು ಕಷ್ಟಪಟ್ಟು ಹಿಡಿದ ಗೆರೆಗಳನ್ನೇ ಕಳೆಯುತ್ತದೆ. ಕಾಗದದ ಕ್ಲಿಪ್ಪಿನ ಗುರುತು ಒತ್ತಿ, ಡಾಕ್ಯುಮೆಂಟ್ ಆಯ್ಕೆಯಲ್ಲಿ ಅದೇ ಫೈಲನ್ನು ಸೇರಿಸಿದರೆ ಮೂಲ ಚಿತ್ರ ಹಾಗೇ ತಲುಪುತ್ತದೆ. ಜೊತೆಗೆ ಬಿತ್ತಿ ಎಷ್ಟು ದಿನವಾಯಿತು, ಯಾವ ತಳಿ, ಹೊಲದ ಎಷ್ಟು ಭಾಗದಲ್ಲಿ ಕಂಡಿದೆ ಎಂದು ಎರಡು ಸಾಲು ಬರೆಯಿರಿ.